ಪೀಪ್ ಸೈಟ್ ಹಾಕಿದ ಮೇಲೆ ಏಟು 90 ಮಿ.ಮೀ. ಮೇಲಕ್ಕೆ ಬೀಳುತ್ತಿದೆ, ಫ್ರಂಟ್ ಸೈಟ್ ಎಷ್ಟು ಎತ್ತರಿಸಬೇಕು?

ಚಿಂಚವಡದ ಅಪ್ಪ

ಎಲ್ಲರಿಗೂ ನಮಸ್ಕಾರ. ಊರು ಗದಗ, ಈಗ ಹನ್ನೊಂದು ವರ್ಷದಿಂದ ಚಿಂಚವಡದಲ್ಲಿ ಇದ್ದೇವೆ. ಮಗಳಿಗೆ 14 ವರ್ಷ. ಎರಡು ವರ್ಷದಿಂದ 10 ಮೀಟರ್ ಓಪನ್ ಸೈಟ್ ಏರ್ ರೈಫಲ್ ಹೊಡೆಯುತ್ತಾಳೆ, ಈಗ ಪೀಪ್ ಸೈಟ್ (ಹಿಂದಿನ ಸೈಟಿನ ಚಿಕ್ಕ ತೂತಿನಿಂದ ನೋಡಿ ಗುರಿ ಇಡುವುದು) ವಿಭಾಗಕ್ಕೆ ಹೋಗುವ ಆಸೆ. 2024ರಲ್ಲಿ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ದಿನದಿಂದ ಮನೆಯಲ್ಲಿ ಇದೇ ಮಾತು. ಕೊಲ್ಹಾಪುರದ ಕಡೆಯ ಹುಡುಗ, ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ಚೆಕ್ ಮಾಡುತ್ತಾ ಅಭ್ಯಾಸ ಮಾಡಿದವರು ಅಂತ ಅವಳು ಎಲ್ಲರಿಗೂ ಹೇಳುತ್ತಾಳೆ.

ಮ್ಯಾಚ್ ರೈಫಲ್ ಈಗಲೇ ಕೊಡಿಸುವಷ್ಟು ಕೈಲಿ ಇಲ್ಲ. ಮನೆಯಲ್ಲಿ ಒಂದು ದೇಶೀ ಸ್ಪ್ರಿಂಗ್ ರೈಫಲ್ ಇದೆ, ಬ್ಯಾರೆಲ್ ಅನ್ನು ಕೀಲಿನಲ್ಲಿ ಮುರಿದು (ಮಡಚಿ) ಲೋಡ್ ಮಾಡುವ ತರಹದ್ದು. ಅದಕ್ಕೇ ಪೀಪ್ ಸೈಟ್ ಹಾಕಿದರೆ ಕನಿಷ್ಠ ಕಣ್ಣಿಗೆ ಅಭ್ಯಾಸ ಆಗುತ್ತದೆ ಅಲ್ವಾ ಅಂತ ಒಂದು ಹಳೆಯ ಪೀಪ್ ಸೈಟ್ ಸೆಟ್ ತಗೊಂಡೆ. ಹಿಂದಿನ ಸೈಟ್ 11 ಮಿ.ಮೀ. ರೇಲ್ ಮೇಲೆ ಸರಿಯಾಗಿ ಕೂತಿತು. ಮುಂದಿನದು ಟನಲ್ ತರಹದ್ದು, ಅಂದರೆ ಚಿಕ್ಕ ಕೊಳವೆ, ಅದರ ಒಳಗೆ ಹಾಕುವ ರಿಂಗ್‌ಗಳೂ ಇವೆ, ಆದರೆ ನಮ್ಮ ಬ್ಯಾರೆಲ್‌ಗೆ ಅದು ಕೂರುವುದಿಲ್ಲ. ಹಾಗಾಗಿ ಸದ್ಯ ಮುಂದೆ ಓಪನ್ ಸೈಟಿನ ಹಳೆಯ ಬ್ಲೇಡೇ (ನೆಟ್ಟಗೆ ನಿಂತ ತೆಳು ಪಟ್ಟಿ) ಇದೆ.

ತೊಂದರೆ ಏನೆಂದರೆ, ಹಿಂದಿನ ಸೈಟನ್ನು ಪೂರ್ತಿ ಕೆಳಗೆ ಇಳಿಸಿದರೂ ಏಟು ಟಾರ್ಗೆಟ್ ನಡುವಿನಿಂದ 90 ಮಿ.ಮೀ. ಮೇಲೆ ಬೀಳುತ್ತದೆ. ಕಾರ್ಡ್ ದಾಟಿ ಹೋಗುತ್ತದೆ, ಹಿಂದೆ ದೊಡ್ಡ ಚಾರ್ಟ್ ಪೇಪರ್ ಅಂಟಿಸಿ ಅಳತೆ ಮಾಡಿದೆ. ಕೊಟ್ಟ ಅಂಗಡಿಯವರು "ಸೈಟ್ ಬುಡವನ್ನು ಅರದಿಂದ ಉಜ್ಜಿ ಇಳಿಸಿ" ಅಂದರು. ಉಜ್ಜಬಹುದಾ?

ಭೋಸರಿ ಲೇತ್

ಅಣ್ಣಾ, ದಯವಿಟ್ಟು ಅರ ಮುಟ್ಟಬೇಡಿ. ಬುಡದ ಕೆಳಗೆ ರೇಲ್ ಹಿಡಿಯುವ ಓರೆ ಹಲ್ಲು ಇರುತ್ತದೆ. ಅದು ಒಂದು ಸಲ ಹೋದರೆ ಸೈಟ್ ಮತ್ತೆ ನೆಟ್ಟಗೆ ಕೂರುವುದಿಲ್ಲ.

ನಿಮ್ಮ ಹಿಂದಿನ ಸೈಟಿನಲ್ಲಿ ದೋಷ ಇಲ್ಲ. ಪೀಪ್ ಸೈಟ್ ರೇಲ್‌ನಿಂದ ತುಂಬಾ ಎತ್ತರಕ್ಕೆ ಕೂರುತ್ತದೆ, ಮುಂದಿನ ಬ್ಲೇಡ್ ಮಾತ್ರ ಓಪನ್ ಸೈಟಿನ ಲೆಕ್ಕಕ್ಕೆ ಗಿಡ್ಡಾಗಿದೆ. ಹಿಂದೆ ಎತ್ತರ, ಮುಂದೆ ತಗ್ಗು ಆದಾಗ ಎರಡನ್ನೂ ಸಾಲಿಗೆ ತರಲು ಬ್ಯಾರೆಲ್ ಬಾಯಿ ಮೇಲೇಳಲೇಬೇಕು. ಏಟು ಮೇಲೆ ಹೋಗುವುದು ಅದಕ್ಕೇ. ಮುಂದಿನದನ್ನು ಎತ್ತರಿಸಬೇಕು. ಎಷ್ಟು ಅಂದರೆ, ಏಟು ತಪ್ಪಿದ ದೂರವನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಟಾರ್ಗೆಟ್ ದೂರದಿಂದ ಭಾಗಿಸಿ. ಹಿಂದಿನ ಸೈಟ್‌ನಿಂದ ಬ್ಲೇಡ್‌ವರೆಗೆ ಟೇಪ್ ಹಿಡಿದು ಹೇಳಿ.

ಚಿಂಚವಡದ ಅಪ್ಪ

ಅಳೆದೆ ಸರ್, ಸರಿಯಾಗಿ 700 ಮಿ.ಮೀ. ಹಾಗಾದರೆ 90 ಗುಣಿಸು 700, ಭಾಗಿಸು 10,000. ಅಂದರೆ 6.3 ಮಿ.ಮೀ. ಎತ್ತರಿಸಿದರೆ ಸಾಕಾ?

ವರಳಿ ಪ್ರೋನ್

ಒಂದು ನಿಮಿಷ, ಲೇತ್‌ಗೆ ಹೋಗುವ ಮುಂಚೆ ಇದನ್ನು ಹೇಳಿ. ಮಗಳು ಬ್ಲೇಡಿನ ತುದಿಯನ್ನು ಕಪ್ಪು ವೃತ್ತದ ನಡುವಿಗೆ ಇಟ್ಟು ಹೊಡೆದಳಾ, ಕಪ್ಪಿನ ಬುಡಕ್ಕೆ ತಾಗಿಸಿ ಹೊಡೆದಳಾ? ಓಪನ್ ಸೈಟಿನವರು ಸಾಮಾನ್ಯವಾಗಿ ಬುಡಕ್ಕೇ ಇಡುತ್ತಾರೆ. ರಿಂಗ್ ಹಾಕಿದ ಮೇಲೆ ಗುರಿ ಇಡುವುದು ನಡುವಿಗೆ. ಏರ್ ರೈಫಲ್ ಟಾರ್ಗೆಟ್‌ನ ಕಪ್ಪು 30.5 ಮಿ.ಮೀ. ಅಗಲ. ಅರ್ಧ ಅಂದರೆ 15 ಚಿಲ್ಲರೆ. ಅಷ್ಟು ವ್ಯತ್ಯಾಸ ನಿಮ್ಮ ಲೆಕ್ಕದಲ್ಲಿ ಇಲ್ಲ.

ಎರಡನೆಯದು, 6.3 ಅನ್ನುವುದು ಹಿಂದಿನ ಸೈಟ್ ಪೂರ್ತಿ ಕೆಳಗೆ ಇದ್ದಾಗಿನ ಲೆಕ್ಕ. ಹಾಗೇ ಮಾಡಿದರೆ ಝೀರೋ ಆದಾಗಲೂ, ಅಂದರೆ ಗುರಿ ಇಟ್ಟಲ್ಲೇ ಏಟು ಬೀಳುವಾಗಲೂ, ಅದು ತಳದಲ್ಲೇ ಇರುತ್ತದೆ. ಬೇರೆ ಪೆಲೆಟ್ ತಗೊಂಡಾಗ ಇನ್ನೂ ಸ್ವಲ್ಪ ಇಳಿಸಬೇಕಾಗಿ ಬಂದರೆ ಜಾಗವೇ ಇರುವುದಿಲ್ಲ. ನಾಬ್ ಆ ತುದಿಯಿಂದ ಈ ತುದಿವರೆಗೆ ಎಷ್ಟು ಕ್ಲಿಕ್ ಅಂತ ಎಣಿಸಿ, ಅರ್ಧಕ್ಕೆ ನಿಲ್ಲಿಸಿ, ತಳದಿಂದ ಎಷ್ಟು ಮೇಲೆ ಬಂತು ಅಂತ ವರ್ನಿಯರ್‌ನಲ್ಲಿ ಅಳೆಯಿರಿ. ಅದನ್ನೂ ಕೂಡಿಸಬೇಕು. ಅಡ್ಡಕ್ಕೆ ಸರಿಸುವ ನಾಬನ್ನೂ ಹೀಗೇ ಎಣಿಸಿ ನಡುವಿಗೆ ತನ್ನಿ.

ಚಿಂಚವಡದ ಅಪ್ಪ

ಮಗಳನ್ನು ಕೇಳಿದೆ. ನೀವು ಹೇಳಿದ್ದೇ ಸರಿ, ಅವಳು ಬುಡಕ್ಕೆ ಇಟ್ಟೇ ಹೊಡೆದದ್ದು. ಹಾಗಾದರೆ ಗುರಿ ಇಟ್ಟ ಜಾಗದಿಂದ ಏಟು 90 ಅಲ್ಲ, 105 ಮಿ.ಮೀ. ಮೇಲೆ ಇದೆ. ಅದಕ್ಕೆ 7.4 ಮಿ.ಮೀ. ಆಯಿತು. ಹಿಂದಿನ ಸೈಟ್ ಅರ್ಧಕ್ಕೆ ಬಂದಾಗ 2 ಮಿ.ಮೀ. ಮೇಲೇರುತ್ತದೆ. ಒಟ್ಟು 9.4.

ಬ್ಲೇಡಿನ ತುದಿ ಈಗ ಬ್ಯಾರೆಲ್ ಮೈಯಿಂದ 5 ಮಿ.ಮೀ. ಮೇಲಿದೆ. ಅಂದರೆ ಹೊಸ ರಿಂಗಿನ ನಡು ಬ್ಯಾರೆಲ್ ಮೈಯಿಂದ 14.4 ಮಿ.ಮೀ. ಮೇಲೆ ಬರಬೇಕು. ಸರಿ ತಾನೇ?

ಭೋಸರಿ ಲೇತ್

ಸರಿ. ನಿಮ್ಮ ಟನಲ್‌ನ ಹೊರ ಅಳತೆ ಎಷ್ಟು? 20 ಇದ್ದರೆ ಅರ್ಧ 10 ಹೋಯಿತು, ಕೆಳಗೆ 4.4 ಮಿ.ಮೀ. ಉಳಿಯುತ್ತದೆ. ಅಷ್ಟು ದಪ್ಪದಲ್ಲಿ ಒಂದು ಅಲ್ಯೂಮಿನಿಯಂ ಬುಷ್ (ಬ್ಯಾರೆಲ್ ಸುತ್ತ ಕೂರುವ ಬಳೆಯಂಥ ತುಂಡು) ಆರಾಮಾಗಿ ಮಾಡಬಹುದು.

ಬುಷ್ ಬಗ್ಗೆ ನಾನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಈ ಕೆಲಸ ಕೆಡುವುದೇ ಇಲ್ಲಿ. ಬ್ಯಾರೆಲ್ ಹೊರ ಅಳತೆಯನ್ನು ಒಂದೇ ಕಡೆ ನೋಡಿ 15 ಅಂತ ಹೇಳಬೇಡಿ. ಬಾಯಿಯ ಹತ್ತಿರ ಒಂದು, ಅದರಿಂದ 20 ಮಿ.ಮೀ. ಹಿಂದೆ ಒಂದು, 40 ಹಿಂದೆ ಇನ್ನೊಂದು, ಪ್ರತಿ ಕಡೆ ಎಡದಿಂದ ಬಲಕ್ಕೂ ಮೇಲಿಂದ ಕೆಳಕ್ಕೂ ಅಳೆಯಿರಿ. ಪಾಲಿಶ್ ಮಾಡುವಾಗ ಬಾಯಿಯ ಕಡೆ ಸ್ವಲ್ಪ ಸವೆದಿರುತ್ತದೆ. ಬುಷ್ ಉದ್ದಕ್ಕೂ ಒಂದೇ ಅಳತೆ ಕೊರೆದರೆ ಹಿಂದೆ ಹಿಡಿಯುತ್ತದೆ, ಮುಂದೆ ಆಡುತ್ತದೆ. ಬುಷ್‌ಗೆ ಕೆಳಗೆ ಒಂದು ಸೀಳು ಕೊಟ್ಟು ಅಡ್ಡಕ್ಕೆ ಅಲೆನ್ ಸ್ಕ್ರೂ ಹಾಕಿಸಿ, ಮುಷ್ಟಿ ಹಿಡಿದ ಹಾಗೆ ಸುತ್ತಲೂ ಹಿಡಿಯುತ್ತದೆ. ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಮೇಲಿಂದ ಚುಚ್ಚಿ ನಿಲ್ಲಿಸುವುದು ಬೇಡ, ಬ್ಯಾರೆಲ್ ಮೈಗೆ ಗುಂಡಿ ಬೀಳುತ್ತದೆ. ಬ್ಯಾರೆಲ್‌ಗೆ ತೂತು ಹೊಡೆಯೋಣ ಅಂತ ಯಾರಾದರೂ ಹೇಳಿದರೆ ರೈಫಲ್ ಎತ್ತಿಕೊಂಡು ವಾಪಸ್ ಬನ್ನಿ.

ಮತ್ತೆ, ಪೂರ್ತಿ ರೈಫಲ್ ಲೇತ್ ಅಂಗಡಿಗೆ ಒಯ್ಯುವ ಅಗತ್ಯ ಇಲ್ಲ. ಅಳತೆ ಮತ್ತು ಟನಲ್ ಸಾಕು. ಮನೆಯಲ್ಲಿ ಕೂರಿಸುವಾಗ ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ಎರಡು ಸಲ ನೋಡಿ. ಸ್ಪ್ರಿಂಗ್ ಎಳೆದ ರೈಫಲ್‌ನ ಬ್ಯಾರೆಲ್ ತೆರೆದಿಟ್ಟು ಕೈ ಹಾಕಿದರೆ ಬೆರಳು ಹೋಗುತ್ತದೆ.

ವರಳಿ ಪ್ರೋನ್

ಇದು ಬ್ಯಾರೆಲ್ ಮುರಿಯುವ ರೈಫಲ್ ಅಂದಿರಿ, ಅದಕ್ಕೆ ಒಂದು ಎಚ್ಚರಿಕೆ. ಓಪನ್ ಸೈಟ್‌ನಲ್ಲಿ ಹಿಂದಿನದು, ಮುಂದಿನದು ಎರಡೂ ಬ್ಯಾರೆಲ್ ಮೇಲೇ ಇದ್ದವು. ಬ್ಯಾರೆಲ್ ಮುಚ್ಚಿದಾಗ ಒಂದು ಕೂದಲಷ್ಟು ಆಚೀಚೆ ಕೂತರೂ ಎರಡೂ ಸೈಟ್ ಅದರ ಜೊತೆಗೇ ಹೋಗುತ್ತಿದ್ದವು, ಏಟು ಕೆಡುತ್ತಿರಲಿಲ್ಲ. ಈಗ ಹಿಂದಿನದು ರಿಸೀವರ್ (ಬ್ಯಾರೆಲ್‌ನ ಹಿಂದೆ, ಸ್ಪ್ರಿಂಗ್ ಇರುವ ಭಾಗ) ಮೇಲೆ, ಮುಂದಿನದು ಬ್ಯಾರೆಲ್ ಮೇಲೆ. ನಡುವೆ ಕೀಲು ಇದೆ. ಕೀಲಿನ ಬೋಲ್ಟ್ ಸಡಿಲ ಇದ್ದರೆ ನೀವು ಎಷ್ಟೇ ಕ್ಲಿಕ್ ತಿರುಗಿಸಿದರೂ ಗ್ರೂಪ್ ಕಟ್ಟುವುದಿಲ್ಲ, ಅಂದರೆ ಏಟುಗಳು ಒಂದೇ ಕಡೆ ಒತ್ತಾಗಿ ಬೀಳುವುದಿಲ್ಲ. ಬ್ಯಾರೆಲ್ ಮುಚ್ಚಿ ಬಾಯಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ ನೋಡಿ. ಸ್ವಲ್ಪ ಆಡಿದರೂ ಮೊದಲು ಅದನ್ನು ಬಿಗಿ ಮಾಡಿ, ಆಮೇಲೆ ಸೈಟ್. ಪ್ರತಿ ಸಲ ಒಂದೇ ರೀತಿ ಮುಚ್ಚುವ ಅಭ್ಯಾಸವನ್ನೂ ಮಗಳಿಗೆ ಮಾಡಿಸಿ.

ಇನ್ನೊಂದು, ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತದೆ, ಪಿಸ್ಟನ್ ಹೋಗಿ ನಿಂತಾಗ ಮುಂದಕ್ಕೂ ಜಗ್ಗುತ್ತದೆ. ಸೈಟ್ ರೇಲ್ ಮೇಲೆ ತೆವಳುವುದು ಇದರಿಂದಲೇ. ರೇಲ್ ಮೇಲಿನ ಎಣ್ಣೆಯನ್ನು ಸ್ಪಿರಿಟ್‌ನಿಂದ ಪೂರ್ತಿ ಒರೆಸಿ, ಸೈಟ್ ಬಿಗಿ ಮಾಡಿ, ಸೈಟ್ ಮತ್ತು ರೇಲ್ ಎರಡಕ್ಕೂ ಸೇರುವ ಹಾಗೆ ಉಗುರು ಬಣ್ಣದಿಂದ ಒಂದು ಗೆರೆ ಎಳೆಯಿರಿ. ಐವತ್ತು ಏಟಿನ ನಂತರ ಗೆರೆ ಮುರಿದಿದೆಯಾ ನೋಡಿ. ಮುರಿದಿದ್ದರೆ ಹಿಂದೆ ಒಂದು ಸ್ಟಾಪ್ ಬೇಕು.

ಬಾಲೇವಾಡಿ ಅಕ್ಕ

ಲೆಕ್ಕ ಎಲ್ಲ ಚೆನ್ನಾಗಿದೆ. ನಾನು ಮಗುವಿನ ಕಡೆಯಿಂದ ಮಾತಾಡುತ್ತೇನೆ. ಬಾಲೇವಾಡಿ ರೇಂಜ್‌ನಲ್ಲಿ ಓಪನ್ ಸೈಟಿನಿಂದ ಪೀಪ್‌ಗೆ ಬರುವ ಮಕ್ಕಳನ್ನು ನೋಡುತ್ತಲೇ ಇರುತ್ತೇನೆ. ಬಹುಪಾಲು ಮಕ್ಕಳು ಕತ್ತು ಚಾಚಿ ತೂತನ್ನು ಹುಡುಕುತ್ತಾರೆ. ಇದು ತಪ್ಪು. ಮೊದಲು ಅವಳು ರೈಫಲ್ ಎತ್ತಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಆರಾಮಾಗಿ ಇಡಲಿ. ತಲೆ ನೆಟ್ಟಗೆ ಇರಲಿ. ಆಮೇಲೆ ಕಣ್ಣು ತೆರೆದಾಗ ತೂತು ಎದುರಿಗೇ ಇರಬೇಕು. ಇಲ್ಲದಿದ್ದರೆ ಸೈಟನ್ನು ಸರಿಸಬೇಕು, ತಲೆಯನ್ನಲ್ಲ.

ಕಣ್ಣಿಗೂ ತೂತಿಗೂ ನಡುವೆ ಮ್ಯಾಚ್ ರೈಫಲ್‌ನಲ್ಲಿ 5ರಿಂದ 8 ಸೆಂ.ಮೀ. ಇಡುತ್ತೇವೆ. ನಿಮ್ಮದು ಒದೆಯುವ ರೈಫಲ್, ಹಾಗಾಗಿ 8ಕ್ಕಿಂತ ಹತ್ತಿರ ತರಬೇಡಿ.

ತೂತು ಕೆಳಗೆ ಸಿಗುತ್ತಿದ್ದರೆ, ಅಂದರೆ ಅವಳು ತಲೆ ಬಗ್ಗಿಸಬೇಕಾಗಿ ಬಂದರೆ, ಹಿಂದೆ ಮತ್ತು ಮುಂದೆ ಎರಡಕ್ಕೂ ಒಂದೇ ದಪ್ಪದ ರೈಸರ್ (ಸೈಟ್ ಕೆಳಗೆ ಇಟ್ಟು ಎತ್ತರಿಸುವ ತುಂಡು) ಹಾಕಬೇಕು. ಒಂದಕ್ಕೆ ಮಾತ್ರ ಹಾಕಿದರೆ ನಿಮ್ಮ ಈಗಿನ ತೊಂದರೆಯೇ ಮತ್ತೆ ಬರುತ್ತದೆ. ಎರಡನ್ನೂ 10 ಮಿ.ಮೀ. ಎತ್ತರಿಸಿದರೆ ಏಟು ಸುಮಾರು 10 ಮಿ.ಮೀ. ಮಾತ್ರ ಕೆಳಗೆ ಬರುತ್ತದೆ, ಅದು ಕ್ಲಿಕ್‌ನಲ್ಲಿ ಸರಿಹೋಗುತ್ತದೆ. ಆದರೆ ಸೈಟ್ ಎತ್ತರ ಆದಷ್ಟೂ ರೈಫಲ್ ವಾಲಿದಾಗ ಏಟು ಜಾಸ್ತಿ ಪಕ್ಕಕ್ಕೆ ಹೋಗುತ್ತದೆ. ಬೇಕಿದ್ದರೆ ಮಾತ್ರ ಹಾಕಿ. ಹೀಗಾಗಿ ಬುಷ್ ಕೊರೆಸುವ ಮುಂಚೆ ಇದನ್ನು ನೋಡಿಕೊಳ್ಳಿ, ಇಲ್ಲದಿದ್ದರೆ ಎರಡು ಸಲ ಖರ್ಚು.

ಇನ್ನು ರಿಂಗ್. ಯಾವ ಯಾವ ಅಳತೆ ಇವೆ?

ಚಿಂಚವಡದ ಅಪ್ಪ

2.8, 3.2, 3.6, 4.0. ಎಲ್ಲ ಲೋಹದವು. ಅಕ್ಕಾ, ನೀವು ಹೇಳಿದ ಹಾಗೆ ಕಣ್ಣು ಮುಚ್ಚಿಸಿ ನೋಡಿದೆ. ತಲೆ ನೆಟ್ಟಗೆ ಇದ್ದಾಗಲೇ ತೂತು ಎದುರಿಗೆ ಬರುತ್ತದೆ. ರೈಸರ್ ಬೇಡ ಅನಿಸುತ್ತದೆ. ಕೀಲೂ ಗಟ್ಟಿಯಾಗಿದೆ.

ಬಾಲೇವಾಡಿ ಅಕ್ಕ

ಒಳ್ಳೆಯದಾಯಿತು. ರಿಂಗಿಗೂ ಲೆಕ್ಕ ಇದೆ. ಕಣ್ಣಿನಿಂದ ಮುಂದಿನ ಸೈಟ್‌ಗೆ 700 ಕೂಡಿಸು 80, ಅಂದರೆ 780 ಮಿ.ಮೀ. ಹತ್ತು ಮೀಟರ್ ದೂರದ 30.5ರ ಕಪ್ಪು ಆ ಜಾಗದಲ್ಲಿ 2.4 ಮಿ.ಮೀ. ಅಗಲ ಕಾಣುತ್ತದೆ. 2.8 ರಿಂಗ್ ಹಾಕಿದರೆ ಸುತ್ತ ಉಳಿಯುವ ಬಿಳಿ ಬರೀ 0.2. ಕೂದಲೆಳೆ ಅಷ್ಟೇ. ರೈಫಲ್ ಚೂರು ಆಡಿದರೂ ಬಿಳಿ ಒಂದು ಕಡೆ ಮಾಯ ಆಗುತ್ತದೆ, ಮಗು ಹೆದರಿ ಟ್ರಿಗರ್ ಒತ್ತುವುದನ್ನೇ ನಿಲ್ಲಿಸುತ್ತದೆ, ಆಮೇಲೆ ಚೆನ್ನಾಗಿ ಕಂಡ ಕ್ಷಣದಲ್ಲಿ ಕಿತ್ತು ಎಳೆಯುತ್ತದೆ. ಕಪ್ಪಿನ ಒಂದೂವರೆ ಪಟ್ಟು ಅಂದರೆ 3.6. ಅದರಿಂದ ಶುರು ಮಾಡಿ. ಸುತ್ತ 0.6 ಬಿಳಿ ಸಿಗುತ್ತದೆ.

ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ಅವರ ಹೆಸರು ಮಗಳಿಗೆ ಹೇಳಿ. 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ನಲವತ್ತು ಏಟಿಗೆ 400ಕ್ಕೆ 400 ಹೊಡೆದರು. ಟೆನ್‌ನ ಚುಕ್ಕೆ ಬರೀ ಅರ್ಧ ಮಿ.ಮೀ. ಆ ಚುಕ್ಕೆ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ರಿಂಗು, ಅದರ ನಡುವೆ ಕಪ್ಪು, ಸುತ್ತ ಒಂದೇ ಸಮ ಬಿಳಿ. ಅಷ್ಟನ್ನೇ ನೋಡಬೇಕು. ಕಣ್ಣಿನ ಫೋಕಸ್ ಮುಂದಿನ ರಿಂಗಿನ ಮೇಲೆ. ಹಿಂದಿನ ತೂತು ಮಸುಕಾಗಿ ಕಾಣಲಿ, ಕಣ್ಣು ತಾನಾಗಿ ಅದರ ನಡುವಿಗೆ ಬರುತ್ತದೆ.

ಮಡಗಾವ್ ಹವಾ

ಹಿಂದಿನ ತೂತು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು ಅಂತ ನಾನು ಕೇಳಿದ್ದೇನೆ. ನಾನು 0.8 ಮಿ.ಮೀ. ತೂತಿನಲ್ಲೇ ಹೊಡೆಯುತ್ತೇನೆ. ಎಲ್ಲವೂ ಚೂಪಾಗಿ ಕಾಣುತ್ತದೆ.

ಬಾಲೇವಾಡಿ ಅಕ್ಕ

ಗೋವಾದ ಬೆಳಕಿನಲ್ಲಿ ನಿಮಗೆ ಸರಿಹೋಗಿರಬಹುದು. ಚಿಕ್ಕ ತೂತಿನಲ್ಲಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟ ಆಗುವುದು ನಿಜ, ಆದರೆ ಬೆಳಕು ಕಡಿಮೆ ಆಗುತ್ತದೆ. ಒಂದು ಮಿತಿ ದಾಟಿದರೆ ಬೆಳಕು ತೂತಿನ ಅಂಚಿನಲ್ಲಿ ಹರಡಿ ಚಿತ್ರವೇ ಮಸುಕಾಗುತ್ತದೆ. ಮಳೆಗಾಲದಲ್ಲಿ, ಟ್ಯೂಬ್‌ಲೈಟ್ ಕೆಳಗೆ, 0.8ರಲ್ಲಿ ನಲವತ್ತು ಏಟು ಆಗುವಷ್ಟರಲ್ಲಿ ಕಣ್ಣು ಸೋತು ಹೋಗುತ್ತದೆ. 1.1 ಅಥವಾ 1.2ರಿಂದ ಶುರು ಮಾಡಿಸಿ. ಟಾರ್ಗೆಟ್ ಮೇಲೆ ಬೆಳಕು ಜಾಸ್ತಿ, ಹೊಡೆಯುವವರ ಮುಖದ ಮೇಲೆ ಕಡಿಮೆ ಇರಲಿ. ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಪುಣೆಯ ತಪಕೀರ್ ಗಲ್ಲಿಯಲ್ಲಿ ಒಂದು ಚಿಕ್ಕ ಎಲ್‌ಇಡಿ ಫೋಕಸ್ ಲೈಟ್ ತಗೊಂಡು ಟಾರ್ಗೆಟ್ ಮೇಲೆ ಬಿಡಿ.

ಡೊಂಬಿವಲಿ ಕನ್ನಡಕ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನಗೆ 51. ಪ್ರೋಗ್ರೆಸಿವ್ ಕನ್ನಡಕ ಹಾಕಿ ಪೀಪ್ ನೋಡಿದರೆ ರಿಂಗ್ ಒಂದು ಸಲ ಸ್ಪಷ್ಟ, ಒಂದು ಸಲ ಮಸುಕು. ಸೈಟಿನ ಒಳಗೇ ಒಂದು ಲೆನ್ಸ್ ಹಾಕಿಬಿಡಬಹುದಾ?

ವರಳಿ ಪ್ರೋನ್

ಸ್ಪರ್ಧೆಗೆ ಹೋಗುವುದಿದ್ದರೆ ಆಗುವುದಿಲ್ಲ ಸರ್. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ರೈಫಲ್ ಮೇಲೆ ಲೆನ್ಸ್ ಇರುವಂತಿಲ್ಲ, ಹೊಡೆಯುವವರು ಕನ್ನಡಕ ಹಾಕಬಹುದು. ಬಣ್ಣದ ಫಿಲ್ಟರ್‌ಗೆ ಅಡ್ಡಿ ಇಲ್ಲ. ಮುಂದಿನ ಟನಲ್ 50 ಮಿ.ಮೀ. ಉದ್ದ, 25 ಮಿ.ಮೀ. ಅಗಲ ಮೀರಬಾರದು ಅನ್ನುವುದೂ ಇದೆ.

ಪ್ರೋಗ್ರೆಸಿವ್ ಕನ್ನಡಕದಲ್ಲಿ ಮೇಲೆ ಕೆಳಗೆ ಬೇರೆ ಬೇರೆ ಪವರ್. ರೈಫಲ್ ಹಿಡಿದಾಗ ನೀವು ಮೂಗಿನ ಕಡೆಯ ಮೂಲೆಯಿಂದ ನೋಡುತ್ತೀರಿ, ಹಾಗಾಗಿ ಆ ಆಟ. ಒಂದೇ ಪವರ್‌ನ ಬೇರೆ ಕನ್ನಡಕ ಮಾಡಿಸಿ. ದೂರದ ನಂಬರಿಗೆ ಪ್ಲಸ್ ಅರ್ಧ ಕೂಡಿಸಿ ಶುರು ಮಾಡುತ್ತಾರೆ. ಕಣ್ಣಿನ ಡಾಕ್ಟರ್ ಹತ್ತಿರ ಹೋಗುವಾಗ ಕಣ್ಣಿನಿಂದ ರಿಂಗಿಗೆ ಎಷ್ಟು ದೂರ ಅಂತ ಅಳೆದುಕೊಂಡು ಹೋಗಿ ಹೇಳಿ.

ಚಿಂಚವಡದ ಅಪ್ಪ

ಹನ್ನೆರಡು ದಿನ ಆಯಿತು, ಸುದ್ದಿ ಹೇಳುತ್ತೇನೆ. ಬ್ಯಾರೆಲ್ ಅಳೆದರೆ ಬಾಯಿಯಲ್ಲಿ 14.92, ಹಿಂದೆ 15.00. ಭೋಸರಿ ಸರ್ ಹೇಳದಿದ್ದರೆ ನಾನು 15 ಅಂತಲೇ ಬರೆದು ಕೊಡುತ್ತಿದ್ದೆ. ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಬ್ಬ ಕಾಕಾ ಹತ್ತಿರ ಸೀಳು ಬುಷ್ ಮಾಡಿಸಿದೆ. ಅವರು ಬಾಯಿಯ ಕಡೆ ತೆಳ್ಳನೆಯ ಹಿತ್ತಾಳೆ ತಗಡು ಸುತ್ತಿ ಕೊಟ್ಟರು. ಟನಲ್ ಬಿಗಿಯಾಗಿ ಕೂತಿದೆ.

ಎತ್ತರ ಸರಿ ಬಂತು! ಹಿಂದಿನ ಸೈಟ್ ಅರ್ಧದಲ್ಲಿ ಇಟ್ಟು ಮೊದಲ ಐದು ಏಟು ನಡುವಿನಿಂದ 4 ಮಿ.ಮೀ. ಕೆಳಗೆ ಬಿದ್ದವು. ಆದರೆ ಐದೂ 30 ಮಿ.ಮೀ. ಎಡಕ್ಕೆ. ಗ್ರೂಪ್ ಚೆನ್ನಾಗಿದೆ, ಜಾಗ ತಪ್ಪಿದೆ. ನಾಬ್ ಪೂರ್ತಿ ತಿರುಗಿಸಿ ಸರಿ ಮಾಡಲಾ?

ಭೋಸರಿ ಲೇತ್

ಬೇಡ, ಲೆಕ್ಕ ಮಾಡೋಣ. 30 ಗುಣಿಸು 700 ಭಾಗಿಸು 10,000, ಅಂದರೆ ಮುಂದಿನ ರಿಂಗಿನ ನಡು 2.1 ಮಿ.ಮೀ. ಬಲಕ್ಕೆ ಇದೆ. ಏಟು ಎಡಕ್ಕೆ ಹೋದರೆ ಮುಂದಿನದು ಬಲಕ್ಕೆ ಇದೆ ಅಂತಲೇ ಅರ್ಥ. ನಿಮ್ಮ ರಿಂಗಿನ ನಡು ಬ್ಯಾರೆಲ್ ನಡುವಿನಿಂದ ಸುಮಾರು 22 ಮಿ.ಮೀ. ಎತ್ತರ. ಅಷ್ಟು ಎತ್ತರದಲ್ಲಿ 2.1 ಸರಿಯಬೇಕಾದರೆ ಬುಷ್ ಐದೂವರೆ ಡಿಗ್ರಿ ತಿರುಗಿದ್ದರೆ ಸಾಕು. ರಿಂಗ್ ದುಂಡಗೆ ಇರುವುದರಿಂದ ವಾಲಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ.

ಗೋಡೆಯ ಮೇಲೆ ತೂಗುಗುಂಡು ಇಳಿಬಿಡಿ, ದಾರಕ್ಕೆ ಒಂದು ನಟ್ ಕಟ್ಟಿದರೂ ಆಯಿತು. ರೈಫಲ್ ನೆಟ್ಟಗೆ ಹಿಡಿದು, ರೇಲ್ ಮೇಲೆ ಚಿಕ್ಕ ಸ್ಪಿರಿಟ್ ಲೆವೆಲ್ ಇಟ್ಟು, ಮುಂದಿನಿಂದ ನೋಡಿ. ಬ್ಯಾರೆಲ್ ಬಾಯಿ ಮತ್ತು ಟನಲ್ ನಡು ಎರಡೂ ದಾರದ ಮೇಲೆ ಬರುವ ತನಕ ಬುಷ್ ತಿರುಗಿಸಿ ಬಿಗಿ ಮಾಡಿ.

ಮಡಗಾವ್ ಹವಾ

ನಾಬ್ ತಿರುಗಿಸುವಾಗ ಇನ್ನೊಂದು ಗಮನಿಸಿ. ನನ್ನ ಸೈಟ್ ಜರ್ಮನಿಯದು. ಅದರ ಮೇಲಿನ ಅಕ್ಷರ ಏಟು ಎಲ್ಲಿ ತಪ್ಪಿದೆ ಅನ್ನುವುದನ್ನು ಹೇಳುತ್ತದೆ. ಏಟು ಮೇಲೆ ಬಿದ್ದರೆ ಮೇಲೆ ಅನ್ನುವ ಕಡೆಗೇ ತಿರುಗಿಸಬೇಕು, ಆಗ ಕೆಳಗೆ ಬರುತ್ತದೆ. ನಾನು ಉಲ್ಟಾ ತಿಳಿದುಕೊಂಡು ಒಂದು ಡಬ್ಬಿ ಪೆಲೆಟ್ ಖಾಲಿ ಮಾಡಿದ್ದೆ. ಹತ್ತು ಕ್ಲಿಕ್ ತಿರುಗಿಸಿ ಐದು ಏಟು ಹೊಡೆದು, ಗ್ರೂಪ್ ಎತ್ತ ಹೋಯಿತು, ಎಷ್ಟು ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಮತ್ತೆ ನಿನ್ನೆಯಿಂದ ನಾನೂ 1.1 ತೂತಿನಲ್ಲಿ ಹೊಡೆಯುತ್ತಿದ್ದೇನೆ, ಅಕ್ಕಾ. ಸಂಜೆಯ ಹೊತ್ತು ನಿಜವಾಗಿಯೂ ಚೆನ್ನಾಗಿ ಕಾಣುತ್ತದೆ.

ಚಿಂಚವಡದ ಅಪ್ಪ

ದಾರ ಕಟ್ಟಿ ನೋಡಿದೆವು. ಟನಲ್ ಬಲಕ್ಕೆ ವಾಲಿತ್ತು, ಮಗಳೇ ತಿರುಗಿಸಿ ಬಿಗಿ ಮಾಡಿದಳು. ಈಗ ಅಡ್ಡಕ್ಕೆ ನಾಲ್ಕು ಕ್ಲಿಕ್, ಮೇಲಕ್ಕೆ ಆರು ಕ್ಲಿಕ್, ಅಷ್ಟೇ. ನಮ್ಮದರಲ್ಲಿ ಹತ್ತು ಕ್ಲಿಕ್‌ಗೆ ಏಟು 7 ಮಿ.ಮೀ. ಸರಿಯುತ್ತದೆ, ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದಾಳೆ. ನಿನ್ನೆ ನಿಂತು ಹೊಡೆದ ಹತ್ತು ಏಟಿನಲ್ಲಿ ಏಳು ಒಂಬತ್ತರ ಒಳಗೆ. ಉಗುರು ಬಣ್ಣದ ಗೆರೆ ಅರುವತ್ತು ಏಟಿನ ನಂತರವೂ ಮುರಿದಿಲ್ಲ.

3.6 ರಿಂಗ್ ಇಷ್ಟ ಆಯಿತು, ಆದರೆ 4.0 ಒಂದು ವಾರ ನೋಡುತ್ತೇನೆ ಅಂತಾಳೆ. ನೋಡಲಿ. ಹಳೆಯ ಬ್ಲೇಡ್, ಹಳೆಯ ಓಪನ್ ಸೈಟ್ ಎರಡನ್ನೂ ಸ್ಕ್ರೂ ಸಮೇತ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಡೊಂಬಿವಲಿ ಕನ್ನಡಕ

ಆ ಬುಷ್ ಎಷ್ಟು ಉದ್ದ ಮಾಡಿಸಿದಿರಿ? ನನ್ನ ಬ್ಯಾರೆಲ್ 16 ಇದೆ.

ಚಿಂಚವಡದ ಅಪ್ಪ

40 ಮಿ.ಮೀ. ಉದ್ದ, ಅಡ್ಡ ಸ್ಕ್ರೂ ಎರಡು, ಸೀಳು ಒಂದೂವರೆ ಮಿ.ಮೀ. 16 ಅಂತೀರಿ, ಮೂರು ಕಡೆ ಅಳೆದಿದ್ದೀರಾ ಸರ್?

ಡೊಂಬಿವಲಿ ಕನ್ನಡಕ

ಇಲ್ಲ, ಒಂದೇ ಕಡೆ. ಇವತ್ತು ರಾತ್ರಿ ಅಳೆದು ಇಲ್ಲೇ ಹಾಕುತ್ತೇನೆ.